ಮಾನಿಟರ್ ಬದಲಿಸಿದರೆ ಪ್ರಿಂಟಿನ ಬಣ್ಣ ಸರಿಯಾಗುತ್ತಾ?

ಪ್ರಶ್ನೆ: ಉಡುಪಿಯ ಕಿನ್ನಿಮುಲ್ಕಿ ಹತ್ತಿರ ನನ್ನದೊಂದು ಸಣ್ಣ ಡಿಸೈನ್ ಅಂಗಡಿ ಉಂಟು. ಬ್ರಹ್ಮಕಲಶೋತ್ಸವದ ಆಮಂತ್ರಣ, ಮದುವೆ ಕಾಗದ, ಯಕ್ಷಗಾನದ ಪೋಸ್ಟರ್, ಹೋಟೆಲ್ ಮೆನು, ಫ್ಲೆಕ್ಸ್ ಎಲ್ಲ ಮಾಡುತ್ತೇನೆ. ಹಳೆಯ 15.6 ಇಂಚಿನ ಲ್ಯಾಪ್‌ಟಾಪ್, ಅದರಲ್ಲಿ ಕೋರೆಲ್‌ಡ್ರಾ ಮತ್ತು ಫೋಟೋಶಾಪ್. ಮೊನ್ನೆ ಒಂದು ದೇವಸ್ಥಾನದ ಆಮಂತ್ರಣ ಪ್ರಿಂಟ್ ಆಗಿ ಬಂದಾಗ ಕೇಸರಿ ಬಣ್ಣ ಮಂಕಾಗಿತ್ತು, ದೇವರ ಫೋಟೋ ಕಪ್ಪಾಗಿತ್ತು. ಸಮಿತಿಯವರು ಸರಿಯಾಗಿ ಬೈದರು. ಪ್ರೆಸ್‌ನವರು "ನಿಮ್ಮ ಸ್ಕ್ರೀನೇ ಸರಿ ಇಲ್ಲ" ಅಂದುಬಿಟ್ಟರು. ಈಗ ಮಾನಿಟರ್ ತೆಗೆದುಕೊಳ್ಳಬೇಕೆಂದಿದ್ದೇನೆ, ಬಜೆಟ್ 30,000 ರೂಪಾಯಿ. ಅಂಗಡಿಯವರು 144 ಹರ್ಟ್ಸ್‌ನ ಬಾಗಿದ ಗೇಮಿಂಗ್ ಮಾನಿಟರ್ ತೋರಿಸುತ್ತಾರೆ. ಗೆಳೆಯ 4ಕೆ ಇಲ್ಲದಿದ್ದರೆ ದಂಡ ಅನ್ನುತ್ತಾನೆ. ನಮ್ಮ ಭಾವ 43 ಇಂಚಿನ ಟೀವಿ ಹಾಕಿಕೋ ಅನ್ನುತ್ತಾರೆ. ಸಂಜೆಯಾದರೆ ಕಣ್ಣು ಬೇರೆ ಉರಿಯುತ್ತದೆ. ಹೊಸ ಮಾನಿಟರ್ ತಂದರೆ ಸ್ಕ್ರೀನಲ್ಲಿ ಕಂಡದ್ದೇ ಪ್ರಿಂಟಲ್ಲಿ ಬರುತ್ತಾ ಸರ್? ಲ್ಯಾಪ್‌ಟಾಪ್ ಸ್ಕ್ರೀನನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬಹುದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಉಂಟು. ಯಾವ ಮಾನಿಟರ್ ತೆಗೆದುಕೊಳ್ಳಲಿ ಅನ್ನೋದು ಒಂದು. ಆ ಆಮಂತ್ರಣ ಯಾಕೆ ಹಾಳಾಯಿತು ಅನ್ನೋದು ಇನ್ನೊಂದು. ಎರಡನೆಯದಕ್ಕೆ ಉತ್ತರ ಗೊತ್ತಾಗದೆ ಮೊದಲನೆಯದಕ್ಕೆ ದುಡ್ಡು ಸುರಿದರೆ ಮುಂದಿನ ಬ್ರಹ್ಮಕಲಶಕ್ಕೂ ಬೈಗುಳ ತಪ್ಪಿದ್ದಲ್ಲ. ಮಂಗಳೂರಿನಲ್ಲಿ ಪ್ರಿಪ್ರೆಸ್ ಕೆಲಸ ಮಾಡಿಕೊಂಡು ಬಂದವನು ನಾನು, ಅಂದರೆ ನಿಮ್ಮಂಥವರ ಫೈಲು ಪ್ಲೇಟಿಗೆ, ಅಂದರೆ ಪ್ರೆಸ್ಸಿನ ಅಚ್ಚಿಗೆ, ಹೋಗುವ ಮೊದಲು ಬಿಚ್ಚಿ ನೋಡುವ ಜನ. ನಾನು ನೋಡಿದ ಮಟ್ಟಿಗೆ "ಪ್ರಿಂಟ್ ಕಪ್ಪಾಯಿತು" ಅನ್ನುವ ದೂರಿಗೆ ಮುಕ್ಕಾಲು ಪಾಲು ಕಾರಣ ಒಂದೇ. ಸ್ಕ್ರೀನಿನ ಬೆಳಕು ಜಾಸ್ತಿ ಇರೋದು.

ಹೇಗೆ ಅಂದರೆ, ಮಾನಿಟರ್‌ಗಳು ಕಾರ್ಖಾನೆಯಿಂದ ಬರುವಾಗ 250ರಿಂದ 350 ನಿಟ್ಸ್ (ಸ್ಕ್ರೀನಿನ ಬೆಳಕಿನ ಅಳತೆ) ಬೆಳಕಿನಲ್ಲಿ ಬರುತ್ತವೆ. ಅಂಗಡಿಯ ಶೆಲ್ಫಿನಲ್ಲಿ ಎದ್ದು ಕಾಣಬೇಕಲ್ವಾ, ಅದಕ್ಕೆ. ಪ್ರಿಂಟ್ ಕೆಲಸಕ್ಕೆ ಬೇಕಾದದ್ದು 80ರಿಂದ 120 ನಿಟ್ಸ್ ಮಾತ್ರ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದ ಬೆಳಕನ್ನೇ ವಾಪಸ್ ಕೊಡುತ್ತದೆ. ಕಾಗದದ ಎರಡು ಮೂರು ಪಟ್ಟು ಹೊಳೆಯುವ ಸ್ಕ್ರೀನಲ್ಲಿ ನೀವು ದೇವರ ಫೋಟೋ ಸರಿಪಡಿಸಿದರೆ, ಕತ್ತಲ ಭಾಗವೂ ನಿಮಗೆ ಚೆನ್ನಾಗಿಯೇ ಕಾಣುತ್ತದೆ. ಸಾಕು ಅಂತ ಬಿಡುತ್ತೀರಿ. ಅದೇ ಕತ್ತಲು ಕಾಗದದ ಮೇಲೆ ಮಸಿ ಆಗುತ್ತದೆ. ಕಣ್ಣು ಉರಿಯುವುದಕ್ಕೂ ಮೊದಲ ಅನುಮಾನ ಇದರ ಮೇಲೇ.

ಇವತ್ತೇ, ಏನೂ ಖರೀದಿ ಮಾಡುವ ಮೊದಲು, ಒಂದು ಕೆಲಸ ಮಾಡಿ ನೋಡಿ. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು ಸ್ಕ್ರೀನ್ ತುಂಬಾ ಇಡಿ. ಪಕ್ಕದಲ್ಲಿ ಒಂದು ಆರ್ಟ್ ಪೇಪರ್ ಹಾಳೆ ನಿಲ್ಲಿಸಿ. ಅಂಗಡಿಯ ದೀಪ ದಿನಾ ಹೇಗೆ ಇರುತ್ತದೋ ಹಾಗೆಯೇ ಇರಲಿ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಸ್ಕ್ರೀನು ಟ್ಯೂಬ್‌ಲೈಟಿನ ಹಾಗೆ ಉರಿಯುತ್ತಿದ್ದು ಕಾಗದ ಬೂದು ಬಣ್ಣದ್ದಾಗಿ ಕಂಡರೆ ಬೆಳಕು ಜಾಸ್ತಿ ಅಂತ ಅರ್ಥ. ಎರಡರ ಬಿಳಿಯೂ ಒಂದೇ ಮಟ್ಟಕ್ಕೆ ಬರುವವರೆಗೆ ಬ್ರೈಟ್‌ನೆಸ್ ಇಳಿಸುತ್ತಾ ಹೋಗಿ. ಹಲವು ಮಾನಿಟರ್‌ಗಳಲ್ಲಿ ಅದು 100ರಿಂದ 20–30ರ ಆಸುಪಾಸಿಗೆ ಇಳಿಯುತ್ತದೆ. ಮೊದಲ ಎರಡು ದಿನ "ಇದೆಂಥ ಮಾರಾಯ್ರೆ, ಮಂಕು" ಅನಿಸುತ್ತದೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ. ಈಗ ಆ ಹಾಳಾದ ಆಮಂತ್ರಣದ ಫೈಲ್ ತೆರೆದು, ಪ್ರಿಂಟನ್ನು ಪಕ್ಕದಲ್ಲಿ ಹಿಡಿದು ನೋಡಿ. ದೇವರ ಫೋಟೋದ ಮಟ್ಟಿಗಾದರೂ ಅರ್ಧ ಜಗಳ ಅಲ್ಲೇ ಮುಗಿಯಬಹುದು.

ಇನ್ನು ಕೇಸರಿ. ಅದು ಪೂರ್ತಿ ಸ್ಕ್ರೀನಿನ ತಪ್ಪಲ್ಲ. ಸ್ಕ್ರೀನು ಕೆಂಪು, ಹಸಿರು, ನೀಲಿ ಬೆಳಕನ್ನು ಕೂಡಿಸಿ ಬಣ್ಣ ಮಾಡುತ್ತದೆ. ಪ್ರೆಸ್ಸು ನಾಲ್ಕು ಶಾಯಿ ಹಾಕಿ ಕಾಗದದ ಬೆಳಕನ್ನು ಕಡಿಮೆ ಮಾಡುತ್ತಾ ಬಣ್ಣ ಮಾಡುತ್ತದೆ. ಸ್ಕ್ರೀನಿನ ಕೆಲವು ಬಣ್ಣ ಈ ನಾಲ್ಕು ಶಾಯಿಗೆ ಎಟಕುವುದೇ ಇಲ್ಲ. ಹೊಳೆಯುವ ಕೇಸರಿ, ಗಿಳಿ ಹಸಿರು, ಗಾಢ ನೀಲಿ – ಈ ಮೂರು ಯಾವಾಗಲೂ ಕೈ ಕೊಡುತ್ತವೆ. ನೀಲಿಯಂತೂ ನೇರಳೆಯೇ ಆಗಿಬಿಡುತ್ತದೆ. ಲಕ್ಷ ರೂಪಾಯಿಯ ಮಾನಿಟರ್ ತಂದರೂ ಆ ಕೇಸರಿ ಆಫ್‌ಸೆಟ್‌ನಲ್ಲಿ (ಪ್ಲೇಟ್ ಹಾಕಿ ಮಾಡುವ ಪ್ರಿಂಟಿನಲ್ಲಿ) ಬರುವುದಿಲ್ಲ. ಒಳ್ಳೆಯ ಮಾನಿಟರ್ ಮಾಡುವುದೇನೆಂದರೆ, ಬರುವುದಿಲ್ಲ ಅನ್ನುವುದನ್ನು ನಿಮಗೆ ಮೊದಲೇ ತೋರಿಸುತ್ತದೆ, ಅದೂ ನೀವು ಕೇಳಿದರೆ ಮಾತ್ರ. ಫೋಟೋಶಾಪಿನಲ್ಲಿ ವ್ಯೂ ಮೆನುವಿನ ಪ್ರೂಫ್ ಸೆಟಪ್‌ನಲ್ಲಿ ಪ್ರೆಸ್ಸಿನ ಪ್ರೊಫೈಲ್ (ಆ ಶಾಯಿ, ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲು) ಆರಿಸಿಕೊಂಡು ಕಂಟ್ರೋಲ್ ಮತ್ತು ವೈ ಒತ್ತಿ. ಕೋರೆಲ್‌ನಲ್ಲೂ ವ್ಯೂ ಮೆನುವಿನಲ್ಲಿ ಪ್ರೂಫ್ ಕಲರ್ಸ್ ಉಂಟು. ಯಾವ ಪ್ರೊಫೈಲ್ ಅಂತ ಪ್ರೆಸ್‌ನವರನ್ನೇ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಆರ್ಟ್ ಪೇಪರಿಗೆ ಕೋಟೆಡ್ ಫೋಗ್ರಾ39 ಇಟ್ಟುಕೊಳ್ಳಿ. ಹೆಚ್ಚಿನ ಕಡೆ ಫೋಟೋಶಾಪಿನಲ್ಲಿ ಇರುವುದು ಅಮೆರಿಕದ ವೆಬ್ ಪ್ರೆಸ್‌ಗಳಿಗೆ (ರೋಲ್ ಕಾಗದದಲ್ಲಿ ಓಡುವ ಪ್ರೆಸ್) ಅಂತ ಮಾಡಿದ ಸ್ವಾಪ್ ಪ್ರೊಫೈಲು, ಯಾರೂ ಅದನ್ನು ಬದಲಿಸುವುದೇ ಇಲ್ಲ.

ಕೇಸರಿಯ ಬಗ್ಗೆ ಇನ್ನೊಂದು ಮಾತು, ಇದು ಮಾನಿಟರಿಗೆ ಸಂಬಂಧವೇ ಇಲ್ಲದ್ದು, ಆದರೆ ನಿಮ್ಮ ಕೆಲಸದಲ್ಲಿ ದಿನಾ ಬರುವಂಥದ್ದು. ಆರ್‌ಜಿಬಿಯಲ್ಲಿ (ಸ್ಕ್ರೀನಿನ ಕೆಂಪು, ಹಸಿರು, ನೀಲಿ) ಬಣ್ಣ ಹಾಕಿ ಕೊನೆಗೆ ಸಿಎಂವೈಕೆಗೆ (ಪ್ರೆಸ್ಸಿನ ನಾಲ್ಕು ಶಾಯಿ: ಸಯಾನ್, ಮಜೆಂಟಾ, ಹಳದಿ, ಕಪ್ಪು) ತಿರುಗಿಸಿದರೆ ಕೇಸರಿಯೊಳಗೆ ಸ್ವಲ್ಪ ಸಯಾನ್ ನುಸುಳಬಹುದು. 5 ಅಥವಾ 10 ಪರ್ಸೆಂಟ್ ಸಾಕು, ಕೇಸರಿ ಕೊಳೆಯಾಗುತ್ತದೆ. ಅದಕ್ಕೆ ಕೇಸರಿಯನ್ನು ಕಣ್ಣಳತೆಯಲ್ಲಿ ಆರಿಸಬೇಡಿ, ಅಂಕಿಯಲ್ಲೇ ಹಾಕಿ: ಸಯಾನ್ 0, ಮಜೆಂಟಾ 60ರ ಆಸುಪಾಸು, ಹಳದಿ 100, ಕಪ್ಪು 0. ನಿಮ್ಮ ಪ್ರೆಸ್‌ನಲ್ಲಿ ಬೇರೆ ಯಾವುದಾದರೂ ಜಾಬಿನ ಅಂಚಿನಲ್ಲಿ ಕಾಗದ ವೇಸ್ಟ್ ಆಗುತ್ತಿದ್ದರೆ ಅಲ್ಲಿ ಒಂದು ಸಿಎಂವೈಕೆ ಚಾರ್ಟ್ ಹಾಕಿಸಿಕೊಂಡು ಗೋಡೆಗೆ ಅಂಟಿಸಿ. ಅದೇ ಮಷೀನು, ಅದೇ ಶಾಯಿ, ಅದೇ ಕಾಗದ. ಕೇಸರಿ ಎಂಥದ್ದು ಬರುತ್ತದೆ ಅಂತ ಸಮಿತಿಯವರಿಗೆ ಬೆರಳಿಟ್ಟು ತೋರಿಸಬಹುದು. ಅವರು ಅದಕ್ಕೂ ಒಪ್ಪದಿದ್ದರೆ ಸ್ಪಾಟ್ ಕಲರ್, ಅಂದರೆ ಆ ಬಣ್ಣದ್ದೇ ಬೇರೆ ಶಾಯಿ, ಹಾಕಿಸಬೇಕು, ಅದಕ್ಕೆ ಒಂದು ಪ್ಲೇಟಿನ ಖರ್ಚು ಜಾಸ್ತಿ, ಅದನ್ನು ಮೊದಲೇ ಹೇಳಿ.

ಮತ್ತೆ ನಿಮ್ಮ ಸಮಿತಿಯವರು ಡಿಸೈನನ್ನು ಓಕೆ ಮಾಡಿದ್ದು ಎಲ್ಲಿ? ವಾಟ್ಸಾಪ್‌ನಲ್ಲಿ, ಅಲ್ವಾ? ಅಮೊಲೆಡ್ ಫೋನು, ವಿವಿಡ್ ಮೋಡ್, ಬ್ರೈಟ್‌ನೆಸ್ ಫುಲ್. ಆ ಸ್ಕ್ರೀನಲ್ಲಿ ಕಂಡ ಕೇಸರಿಯನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ನಿಮ್ಮ ಮಾನಿಟರ್ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅಲ್ಲಿ ಅದರ ಆಟ ನಡೆಯುವುದಿಲ್ಲ. ದೊಡ್ಡ ಜಾಬ್ ಆದರೆ ಪ್ಲೇಟಿಗೆ ಮೊದಲು ಒಂದು ಪ್ರೂಫ್ (ಮಾದರಿ ಪ್ರಿಂಟ್) ತೆಗೆಸಿ, ಅದರ ಮೇಲೆ ಸಹಿ ಹಾಕಿಸಿಕೊಳ್ಳಿ. ಡಿಜಿಟಲ್ ಪ್ರಿಂಟಿನ ಪ್ರೂಫು ಆಫ್‌ಸೆಟ್ಟಿಗೆ ನೂರಕ್ಕೆ ನೂರು ಹೊಂದುವುದಿಲ್ಲ, ಆದರೆ ಫೋನಿಗಿಂತ ಎಷ್ಟೋ ವಾಸಿ.

ಇಷ್ಟೆಲ್ಲಾ ಹೇಳಿದೆ ಅಂತ ಮಾನಿಟರ್ ಬೇಡ ಅಂತಲ್ಲ. ನಿಮಗೆ ಬೇಕೇ ಬೇಕು. ಆ ಕಾಲದ ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು 45% ಎನ್‌ಟಿಎಸ್‌ಸಿ (ಬಣ್ಣದ ವಿಸ್ತಾರಕ್ಕೆ ಇರುವ ಹಳೆಯ ಟೀವಿ ಮಾನದಂಡ) ಅಂತ ಬರೆದ ಪ್ಯಾನೆಲ್. ಅಂದರೆ ಎಸ್‌ಆರ್‌ಜಿಬಿ (ಸ್ಕ್ರೀನುಗಳ ಸಾಮಾನ್ಯ ಮಾನದಂಡ) ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲು ಕೂಡ ಕಷ್ಟದಲ್ಲಿ ತೋರಿಸುವಂಥದ್ದು. ಕುಂಕುಮ ಕೆಂಪು ಅದರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ನೀವು ಅದನ್ನು ನೋಡಿ ಇನ್ನಷ್ಟು ಕೆಂಪು ಸುರಿಯುತ್ತೀರಿ, ಪ್ರಿಂಟಲ್ಲಿ ಅದು ದಪ್ಪಗೆ ಬರುತ್ತದೆ. ಜೊತೆಗೆ ಟಿಎನ್ ಅನ್ನುವ ಅಗ್ಗದ ಜಾತಿಯ ಪ್ಯಾನೆಲ್ ಆಗಿದ್ದರೆ ಮುಚ್ಚಳ ಸ್ವಲ್ಪ ವಾಲಿಸಿದರೂ ಬಣ್ಣ ಬೇರೆ. ಇನ್ನೊಂದು, ಬ್ಯಾಟರಿಯಲ್ಲಿ ಓಡುವಾಗ ಕೆಲವು ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ಸೆಟ್ಟಿಂಗು ಕರೆಂಟ್ ಉಳಿಸಲು ತಾನಾಗಿಯೇ ಬೆಳಕು, ಕಾಂಟ್ರಾಸ್ಟ್ ಬದಲಿಸುತ್ತದೆ. ಅದನ್ನು ಆಫ್ ಮಾಡಿ. ನೈಟ್ ಲೈಟ್, ಐ ಕೇರ್ ಅಂತ ಏನೇನು ಉಂಟೋ, ಬಣ್ಣದ ಕೆಲಸ ಮಾಡುವಾಗ ಅವೂ ಆಫ್.

ಈಗ ನಿಮಗೆ ಸಿಕ್ಕ ಸಲಹೆಗಳ ಕಡೆ ಬರೋಣ.

ಭಾವನವರ ಟೀವಿ ಬೇಡ. ಸಿನಿಮಾ ನೋಡಲು ಅಡ್ಡಿಯಿಲ್ಲ. ಆದರೆ ಟೀವಿ ತಾನೇ ಚಿತ್ರವನ್ನು ತಿದ್ದುತ್ತದೆ, ಅಂಚು ಹರಿತ ಮಾಡುತ್ತದೆ, ಬಣ್ಣ ಏರಿಸುತ್ತದೆ. ಎಲ್ಲಾ ಆಫ್ ಮಾಡಿ ಪಿಸಿ ಮೋಡ್‌ಗೆ ಹಾಕದಿದ್ದರೆ ಕೆಂಪು ಅಕ್ಷರಗಳ ಅಂಚು ಮಸುಕಾಗುತ್ತದೆ, ಯಾಕೆಂದರೆ ಬಣ್ಣದ ಮಾಹಿತಿಯನ್ನು ಅದು ಅರ್ಧಕ್ಕೆ ಇಳಿಸಿಕೊಂಡಿರುತ್ತದೆ. ಎರಡು ಅಡಿ ದೂರದಲ್ಲಿ ಕೂತು 43 ಇಂಚು ನೋಡಿದರೆ ಕುತ್ತಿಗೆಯೂ ಹೋಗುತ್ತದೆ.

ಬಾಗಿದ ಗೇಮಿಂಗ್ ಮಾನಿಟರ್. 144 ಹರ್ಟ್ಸ್ ಅಂದರೆ ಚಿತ್ರ ಸೆಕೆಂಡಿಗೆ 144 ಸಲ ಬದಲಾಗುತ್ತದೆ ಅಷ್ಟೇ, ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಒಳ್ಳೆಯ ಪ್ಯಾನೆಲ್ ಜೊತೆ ಅದೂ ಬಂದರೆ ಬೇಡ ಅನ್ನಬೇಕಾಗಿಲ್ಲ. ಆದರೆ ಈ ಬೆಲೆಯ ಬಾಗಿದ ಮಾನಿಟರ್‌ಗಳಲ್ಲಿ ಹೆಚ್ಚಿನವು ವಿಎ ಅನ್ನುವ ಜಾತಿಯ ಪ್ಯಾನೆಲ್. ಕಪ್ಪು ಚೆನ್ನಾಗಿರುತ್ತದೆ, ಸುಳ್ಳು ಹೇಳಬಾರದು, ಕಾಂಟ್ರಾಸ್ಟಿನಲ್ಲಿ ಐಪಿಎಸ್ (ಕೋನ ಬದಲಾದರೂ ಬಣ್ಣ ಅಷ್ಟಾಗಿ ಬದಲಾಗದ ಇನ್ನೊಂದು ಜಾತಿ) ಅದಕ್ಕೆ ಸಾಟಿಯಿಲ್ಲ. ತೊಂದರೆ ಎಂಥದ್ದೆಂದರೆ, ನೋಡುವ ಕೋನ ಬದಲಾದರೆ ಬಣ್ಣದ ಗಾಢತೆ ಬದಲಾಗುತ್ತದೆ. ಒಂದೇ ಕುಂಕುಮ ಬಣ್ಣ ಸ್ಕ್ರೀನಿನ ನಡುವೆ ಒಂದು, ಮೂಲೆಯಲ್ಲಿ ಇನ್ನೊಂದು. ಸಾಲದ್ದಕ್ಕೆ, ಬಾಗಿದ ಸ್ಕ್ರೀನಲ್ಲಿ ಬಾರ್ಡರ್ ಗೆರೆ ನೆಟ್ಟಗೆ ಉಂಟಾ ಇಲ್ವಾ ಅಂತ ದಿನಾ ಅನುಮಾನ. ಆಮಂತ್ರಣದಲ್ಲಿ ಬಾರ್ಡರ್ ಇಲ್ಲದ ಪುಟ ಯಾವುದು ಹೇಳಿ?

ಗೆಳೆಯನ 4ಕೆ. ಅವನ ಮಾತಿನಲ್ಲಿ ಅರ್ಧ ಸತ್ಯ ಉಂಟು. 27 ಇಂಚಿನಲ್ಲಿ 4ಕೆ ಅಂದರೆ ಇಂಚಿಗೆ ಸುಮಾರು 163 ಪಿಕ್ಸೆಲ್. ಕನ್ನಡದ ಸಣ್ಣ ಒತ್ತಕ್ಷರ ಕೂಡ ಕಾಗದದ ಹಾಗೆ ಚಂದ ಕಾಣುತ್ತದೆ, ಕಣ್ಣಿಗೆ ಸುಖ. ಆದರೆ ಅಷ್ಟು ಸಣ್ಣ ಪಿಕ್ಸೆಲ್‌ನಲ್ಲಿ ಮೆನು ಓದಬೇಕಾದರೆ ವಿಂಡೋಸ್‌ನಲ್ಲಿ 150% ಸ್ಕೇಲಿಂಗ್ ಹಾಕಬೇಕು. ಆಗ ಹಳೆಯ ಕೋರೆಲ್, ಪೇಜ್‌ಮೇಕರ್ ಇಂಥವುಗಳ ಮೆನು ಇರುವೆಯಷ್ಟಾಗುತ್ತದೆ, ಇಲ್ಲವೇ ಮಸುಕಾಗುತ್ತದೆ. ನಮ್ಮ ಕಡೆ ಹಳೆಯ ಫಾಂಟಿಗೋಸ್ಕರ ಹಳೆಯ ಸಾಫ್ಟ್‌ವೇರ್ ಬಿಡದವರು ಎಷ್ಟು ಜನ ಅಂತ ನಿಮಗೇ ಗೊತ್ತು. ಇನ್ನೊಂದು, ನಿಮ್ಮ ಲ್ಯಾಪ್‌ಟಾಪಿನ ಎಚ್‌ಡಿಎಂಐ ಹಳೆಯ 1.4 ಆಗಿದ್ದರೆ 4ಕೆ ಬರುವುದು ಸೆಕೆಂಡಿಗೆ 30 ಸಲ ಮಾತ್ರ. ಮೌಸ್ ಎಳೆದಾಗ ಹಿಂದೆ ಬಿದ್ದ ಹಾಗೆ ಆಗುತ್ತದೆ. ಖರೀದಿಗೆ ಮೊದಲು ಅದನ್ನು ನೋಡಿಕೊಳ್ಳಿ. ಮತ್ತೆ ನಿಮ್ಮ ಬಜೆಟ್ಟಿನಲ್ಲಿ 4ಕೆ ಸಿಕ್ಕರೂ ಬಣ್ಣದ ಕಡೆ ಎಲ್ಲೋ ಕೈ ಬಿಗಿ ಹಿಡಿದಿರುತ್ತಾರೆ.

ನಾನಾದರೆ ಏನು ತೆಗೆದುಕೊಳ್ಳುತ್ತಿದ್ದೆ? 27 ಇಂಚು, 2560×1440, ಅಂದರೆ ಕ್ಯೂಎಚ್‌ಡಿ. ಚಪ್ಪಟೆ ಐಪಿಎಸ್, ಮ್ಯಾಟ್ ಸ್ಕ್ರೀನ್, 100% ಎಸ್‌ಆರ್‌ಜಿಬಿ. ಇಂಚಿಗೆ 109 ಪಿಕ್ಸೆಲ್, ಸ್ಕೇಲಿಂಗ್ ರಗಳೆ ಇಲ್ಲ. ಎ4 ಎರಡು ಪುಟ ಅಕ್ಕಪಕ್ಕ ಇಟ್ಟು ಕೆಲಸ ಮಾಡಬಹುದು. ಆಸುಸ್ ಪ್ರೋಆರ್ಟ್‌ನ ಪಿಎ278ಕ್ಯೂವಿ, ಬೆನ್‌ಕ್ಯೂ ಪಿಡಿ ಸರಣಿಯ ಪಿಡಿ2705ಕ್ಯೂ ಈ ಜಾತಿಯವು. ಕಾರ್ಖಾನೆಯಲ್ಲೇ ಬಣ್ಣ ಅಳೆದು ಕಳಿಸುತ್ತಾರೆ, ಆಸುಸ್‌ನದರಲ್ಲಿ ಡೆಲ್ಟಾ ಇ 2ಕ್ಕಿಂತ ಕಡಿಮೆ, ಬೆನ್‌ಕ್ಯೂನದರಲ್ಲಿ 3ರೊಳಗೆ ಅಂತ ಬರೆದಿರುತ್ತದೆ. ಡೆಲ್ಟಾ ಇ ಅಂದರೆ ಬರಬೇಕಾದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ಅಂತರ, 2ರೊಳಗೆ ಇದ್ದರೆ ನಮ್ಮ ಕೆಲಸಕ್ಕೆ ಧಾರಾಳ. ಬೆಲೆ ತಿಂಗಳಿಗೊಂದು ಥರ, ಸೇಲ್ ಬಂದರೆ ಇನ್ನೊಂದು ಥರ. ನಿಮ್ಮ ಬಜೆಟ್ಟಿನ ಆಚೀಚೆ ಸಿಗುತ್ತವೆ. ಜಾಗ ಕಡಿಮೆ, ದುಡ್ಡೂ ಉಳಿಯಬೇಕು ಅಂದರೆ ಅದೇ ಪ್ರೋಆರ್ಟ್‌ನಲ್ಲಿ 24 ಇಂಚಿನ ಪಿಎ248ಕ್ಯೂವಿ ಉಂಟು, 1920×1200, ಸ್ವಲ್ಪ ಎತ್ತರ ಜಾಸ್ತಿ ಇರುವುದರಿಂದ ಪುಟದ ಕೆಲಸಕ್ಕೆ ಹಿತ. 27 ಇಂಚಿನಲ್ಲಿ ಬರೀ ಫುಲ್ ಎಚ್‌ಡಿ ಮಾತ್ರ ಬೇಡ. ಇಂಚಿಗೆ 82 ಪಿಕ್ಸೆಲ್, ಒತ್ತಕ್ಷರ ಎಲ್ಲಾ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಡಬ್ಬದ ಮೇಲಿನ ಅಂಕಿಯಲ್ಲಿ ಮೋಸ ಹೋಗಬೇಡಿ. 72% ಎನ್‌ಟಿಎಸ್‌ಸಿ ಅಂದರೆ ಹೆಚ್ಚುಕಡಿಮೆ ಎಸ್‌ಆರ್‌ಜಿಬಿಯಷ್ಟೇ ವಿಸ್ತಾರ, ಆದರೆ ಅದೇ ಬಣ್ಣಗಳು ಅಂತ ಗ್ಯಾರಂಟಿ ಇಲ್ಲ. "ಎಸ್‌ಆರ್‌ಜಿಬಿ ಕವರೇಜ್" ಅಂತ ಬರೆದಿದ್ದರೆ ಮಾತ್ರ ನಂಬಿ. "ಎಚ್‌ಡಿಆರ್" (ವೀಡಿಯೊದಲ್ಲಿ ಬೆಳಕು-ಕತ್ತಲು ಹೆಚ್ಚು ತೋರಿಸುವ ಸೌಲಭ್ಯ) ಅಂತ ದೊಡ್ಡದಾಗಿ ಬರೆದದ್ದಕ್ಕೆ ಒಂದು ರೂಪಾಯಿ ಕೂಡ ಜಾಸ್ತಿ ಕೊಡಬೇಡಿ. ಪ್ರಿಂಟಿಗೆ ಅದು ಲೆಕ್ಕಕ್ಕೇ ಇಲ್ಲ.

ಕೆಲವರು ನಿಮಗೆ 99% ಅಡೋಬ್ ಆರ್‌ಜಿಬಿ (ಎಸ್‌ಆರ್‌ಜಿಬಿಗಿಂತ ವಿಸ್ತಾರದ ಮಾನದಂಡ) ಮಾನಿಟರ್ ತೆಗೆದುಕೊಳ್ಳಿ, ಪ್ರಿಂಟಿಗೆ ಅದೇ ಬೇಕು ಅನ್ನಬಹುದು. ಸುಳ್ಳಲ್ಲ. ಆರ್ಟ್ ಪೇಪರ್ ಮೇಲೆ ಬರುವ ಸಯಾನ್, ಕೆಲವು ಹಸಿರುಗಳು ಎಸ್‌ಆರ್‌ಜಿಬಿಯೊಳಗೆ ಪೂರ್ತಿ ಹಿಡಿಯುವುದಿಲ್ಲ, ಅಡೋಬ್ ಆರ್‌ಜಿಬಿಯಲ್ಲಿ ಹಿಡಿಯುತ್ತವೆ. ಪ್ಯಾಕೇಜಿಂಗ್ ಮಾಡುವವರಿಗೆ, ಫೋಟೋ ಪ್ರಿಂಟ್ ಮಾರುವವರಿಗೆ ಅದು ಬೇಕು. ಆದರೆ ಅದರ ಬೆಲೆ ನಿಮ್ಮ ಬಜೆಟ್ ದಾಟುತ್ತದೆ, ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಬಣ್ಣ ನಿರ್ವಹಣೆ (ಪ್ರೊಫೈಲ್ ನೋಡಿ ಬಣ್ಣ ಹೊಂದಿಸುವುದು) ಗೊತ್ತಿಲ್ಲದ ಸಾಫ್ಟ್‌ವೇರಿನಲ್ಲಿ ಇಂಥ ಸ್ಕ್ರೀನು ಎಲ್ಲ ಬಣ್ಣವನ್ನೂ ಉರಿಯುವ ಹಾಗೆ ತೋರಿಸುತ್ತದೆ. ಕೇಸರಿ ಇನ್ನೂ ಹೊಳೆಯುತ್ತದೆ, ಪ್ರಿಂಟು ಇನ್ನೂ ಮಂಕು ಅನಿಸುತ್ತದೆ. ನೀವು ತಪ್ಪಿಸಿಕೊಳ್ಳಲು ಹೊರಟದ್ದೇ ದುಪ್ಪಟ್ಟಾಗಿ ಎದುರು ಬರುತ್ತದೆ. ಅಂಥದ್ದು ಈಗಾಗಲೇ ಕೊಂಡಿದ್ದರೆ ಮಾನಿಟರಿನ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿಕೊಳ್ಳಬಹುದು. ಅಗ್ಗದವುಗಳಲ್ಲಿ ಆ ಮೋಡ್ ಹಾಕಿದ ಕೂಡಲೇ ಬ್ರೈಟ್‌ನೆಸ್ ಬದಲಿಸಲು ಬಿಡುವುದಿಲ್ಲ. ಅಂಗಡಿಯಲ್ಲೇ ಒತ್ತಿ ನೋಡಿ.

ಸೆಕೆಂಡ್ ಹ್ಯಾಂಡ್ ಡೆಲ್ ಅಲ್ಟ್ರಾಶಾರ್ಪ್ ಮಾನಿಟರ್ ಸಿಗುತ್ತದೆ, ಕಂಪನಿಗಳು ಬಿಟ್ಟದ್ದು. ಪ್ಯಾನೆಲ್ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಉರಿದ ಬ್ಯಾಕ್‌ಲೈಟ್ ಮಂಕಾಗಿ, ಬಿಳಿ ಹಳದಿಗೆ ತಿರುಗಿರಬಹುದು. ವಾರಂಟಿಯೂ ಇಲ್ಲ. ಕ್ಯಾಲಿಬ್ರೇಟರ್ ಕೈಯಲ್ಲಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ಕ್ಯಾಲಿಬ್ರೇಟರ್ ಅಂದೆ ಅಲ್ವಾ. ಸ್ಕ್ರೀನಿನ ಮೇಲೆ ಇಟ್ಟು ಬಣ್ಣ ಅಳೆಯುವ ಸಣ್ಣ ಯಂತ್ರ, ಕ್ಯಾಲಿಬ್ರೈಟ್, ಡೇಟಾಕಲರ್ ಸ್ಪೈಡರ್ ಇವೆಲ್ಲ ಬರುತ್ತವೆ. ಅಗ್ಗದ್ದೇನಲ್ಲ. ಆದರೆ ಇಂಥ ಯಂತ್ರ ತಿಂಗಳಿಗೊಮ್ಮೆ ಬೇಕಾಗುವುದು. ಉಡುಪಿಯಲ್ಲಿ ನಾಲ್ಕು ಜನ ಡಿಸೈನರ್‌ಗಳು ಸೇರಿ ಒಂದು ತೆಗೆದುಕೊಂಡರೆ ಯಾರ ಜೇಬಿಗೂ ಹೊರೆಯಲ್ಲ. 4ಕೆಗೆ ಹಾಕುವ ಹೆಚ್ಚುವರಿ ದುಡ್ಡನ್ನು ಇದರ ಪಾಲಿಗೆ ಹಾಕಿ ಅಂತಲೇ ನನ್ನ ಸಲಹೆ. ಡಿಸ್‌ಪ್ಲೇಕ್ಯಾಲ್ ಅಂತ ಉಚಿತ ಸಾಫ್ಟ್‌ವೇರ್ ಉಂಟು. ಬಿಳಿಗೆ ಡಿ65 (ಹಗಲು ಬೆಳಕಿನಂಥ ಬಿಳಿ), ಗಾಮಾ (ನಡುವಿನ ಛಾಯೆಗಳ ಗಾಢತೆ) 2.2, ಬೆಳಕು 100ರಿಂದ 120 ನಿಟ್ಸ್. ಇಷ್ಟು ಇಟ್ಟು ಓಡಿಸಿದರೆ ಸಾಕು.

ಸ್ಕ್ರೀನು ಸರಿಯಾದ ಮೇಲೆ ಅಂಗಡಿಯನ್ನೂ ಸ್ವಲ್ಪ ನೋಡಿ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಗೆ ಸಂಜೆ ಬಿಸಿಲು ನೇರ ಸ್ಕ್ರೀನಿಗೆ ಬೀಳುತ್ತದೆ. ಆಗ ಬಣ್ಣದ ತೀರ್ಮಾನ ಮಾಡಬೇಡಿ. ಹಿಂದಿನ ಗೋಡೆ ಗಿಳಿ ಹಸಿರು ಇದ್ದರೆ ಒಂದು ಕೋಟ್ ಬೂದು ಅಥವಾ ಬಿಳಿ ಹೊಡೆಸಿ.

ಕರಾವಳಿಯ ಖಾಸ್ ತಾಪತ್ರಯಗಳೂ ಉಂಟು. ಏಪ್ರಿಲ್–ಮೇಯಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ, ಸಂಜೆ ಗುಡುಗು ಶುರುವಾದರೆ ಪವರ್ ಪ್ಲಗ್ ಮಾತ್ರ ಅಲ್ಲ, ಎಚ್‌ಡಿಎಂಐ ಮತ್ತು ಇಂಟರ್‌ನೆಟ್ ಕೇಬಲನ್ನೂ ಎಳೆದುಬಿಡಿ. ಸಿಡಿಲಿನ ಕರೆಂಟು ಅಲ್ಲಿಂದಲೂ ಬರುತ್ತದೆ. ಅರ್ತಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಇಂಥ ಮಾನಿಟರ್ ಕರೆಂಟ್ ಎಳೆಯುವುದು ಕಡಿಮೆ, ಸಾಧಾರಣ ಯುಪಿಎಸ್ ಸಾಕು. ಮಳೆಗಾಲದ ರಾತ್ರಿ ದೀಪಕ್ಕೆ ಬರುವ ಸಣ್ಣ ಹುಳ ಕೆಲವೊಮ್ಮೆ ಪ್ಯಾನೆಲಿನ ಒಳಗೇ ನುಸುಳಿ ಸ್ಕ್ರೀನಿನ ಮೇಲೆ ಓಡಾಡಿದ ಹಾಗೆ ಕಾಣುತ್ತದೆ. ಸಿಟ್ಟಲ್ಲಿ ಬೆರಳಿನಿಂದ ಒತ್ತಬೇಡಿ! ಅಲ್ಲೇ ಸತ್ತರೆ ಕಪ್ಪು ಚುಕ್ಕೆಯಾಗಿ ಕಾಯಂ ಉಳಿಯುತ್ತದೆ. ಮಾನಿಟರ್ ಆಫ್ ಮಾಡಿ, ಪಕ್ಕದಲ್ಲಿ ಒಂದು ದೀಪ ಹಚ್ಚಿಡಿ, ಹೆಚ್ಚಾಗಿ ತಾನೇ ಹೊರಗೆ ಬರುತ್ತದೆ.

ಖರೀದಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ಮೂರು ಫೈಲು ಒಯ್ಯಿರಿ: ಪೂರ್ತಿ ಬೂದು ಪುಟ, ಪೂರ್ತಿ ಕಪ್ಪು ಪುಟ, ಮತ್ತು ನಿಮ್ಮದೇ ಹಳೆಯ ಒಂದು ಜಾಬ್, ಅದರ ಪ್ರಿಂಟ್ ಸಮೇತ. ಬೂದು ಪುಟದಲ್ಲಿ ಒಂದು ಮೂಲೆ ಗುಲಾಬಿ, ಇನ್ನೊಂದು ಹಸಿರು ಕಂಡರೆ ಬೇಡ. ಕಪ್ಪು ಪುಟದಲ್ಲಿ ಅಂಚಿನಿಂದ ಬೆಳಕು ಸೋರುವುದು ಐಪಿಎಸ್‌ನಲ್ಲಿ ಸ್ವಲ್ಪ ಇದ್ದೇ ಇರುತ್ತದೆ, ಜಾಸ್ತಿ ಇದ್ದರೆ ಬೇರೆ ಪೀಸ್ ಕೇಳಿ. ಪ್ಯಾನೆಲ್ ಕೆಟ್ಟರೆ ಮನೆಗೆ ಬಂದು ನೋಡುತ್ತಾರಾ, ಮಂಗಳೂರಿಗೆ ಒಯ್ಯಬೇಕಾ, ಇಲ್ಲ ಬೆಂಗಳೂರಿಗೆ ಕಳಿಸಬೇಕಾ ಅಂತ ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಗಡುವಿನೊಳಗೆ ಇದನ್ನೆಲ್ಲ ಮಾಡಿ ಮುಗಿಸಿ, ಡಬ್ಬ ಬಿಸಾಡಬೇಡಿ.

ಕೊನೆಯದಾಗಿ ಲ್ಯಾಪ್‌ಟಾಪ್ ಸ್ಕ್ರೀನ್. ಖಂಡಿತ ಪಕ್ಕದಲ್ಲಿ ಇಟ್ಟುಕೊಳ್ಳಿ. ವಾಟ್ಸಾಪ್, ಮೇಲ್, ಕೋರೆಲ್‌ನ ಡಾಕರ್‌ಗಳು (ಪಕ್ಕದ ಸೆಟ್ಟಿಂಗ್ ಪಟ್ಟಿಗಳು) ಎಲ್ಲಾ ಅಲ್ಲಿರಲಿ. ಅದನ್ನು ಹೊಸದರ ಬಣ್ಣಕ್ಕೆ ಹೊಂದಿಸಲು ಮಾತ್ರ ಹೋಗಬೇಡಿ, ಆ ಪ್ಯಾನೆಲ್‌ಗೆ ಅಷ್ಟು ಬಣ್ಣವೇ ಇಲ್ಲ, ಸುಮ್ನೆ ತಲೆನೋವು. ಗಿರಾಕಿ ಅಂಗಡಿಗೆ ಬಂದಾಗ ಡಿಸೈನನ್ನು ಹೊಸ ಮಾನಿಟರಿನಲ್ಲಿ, ಪ್ರೂಫ್ ಕಲರ್ಸ್ ಆನ್ ಮಾಡಿ ತೋರಿಸಿ.